ಕಲ್ಲವ್ವನ ಒಲೆ ಮುಚ್ಚಿದ ಬಗ್ಗೆ

ಫೆಬ್ರುವರಿ 30, 2231
ಕೃಷ್ಣಾ ಎಡದಂಡೆ ವಸತಿ, ಏಳನೆಯ ಅಂಕಣ

ಹಿರಿಯರಾದ ಮಹಾನಂದಾ ಆಯಿಯವರಿಗೆ, ನಿಮ್ಮ ವಂಶದ ನಿಂಬೆವ್ವ ಮಾಡುವ ಶರಣು ಶರಣಾರ್ಥಿಗಳು.

ಮೇಲಿನ ತಾರೀಖು ನೋಡಿ ಯಾರೋ ಕೀಟಲೆ ಮಾಡಿದ್ದಾರೆ ಎಂದು ಕಾಗದವನ್ನು ಪಕ್ಕಕ್ಕಿಡಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಸರಕಾರದವರಿಗೆ ಸಲೀಸಾಗಲೆಂದು ಎಲ್ಲ ತಿಂಗಳುಗಳನ್ನೂ ಸಮ ಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆಯಾಗಿ ಸೇರಿಸಿದ್ದಾರೆ. ನನ್ನ ಮಾತಿನಲ್ಲಿ ನಿಮಗೆ ಗುರುತು ಸಿಗದ ಪದಗಳು ಬಂದರೆ ಮನ್ನಿಸಬೇಕು. ಅವು ಬಂದ ಕಡೆಯಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳನ್ನು ಓದಿ ಕಲಿತವಳು, ಆದ್ದರಿಂದ ಬರವಣಿಗೆ ಸ್ವಲ್ಪ ವರದಿಯ ಹಾಗೆ ಕಾಣಬಹುದು.

ಈ ಪತ್ರ ನಿಮ್ಮ ಕೈಗೆ ಹೇಗೆ ಬರುತ್ತದೆ ಎಂಬುದು ನನಗೂ ಪೂರ್ತಿ ತಿಳಿದಿಲ್ಲ. ಇದನ್ನು ಹಿಮ್ಮುಖ ಅಂಚೆ ಎನ್ನುತ್ತಾರೆ. ಕಳಿಸುವವರು ತಮ್ಮ ಪೂರ್ವಿಕರ ಒಂದು ಚಿತ್ರ ಅಥವಾ ದನಿಯನ್ನು ಗುರುತಾಗಿ ಕೊಡಬೇಕು. ಯುದ್ಧ, ಮಾರುಕಟ್ಟೆ, ಸಾವು, ಚುನಾವಣೆ, ಇವುಗಳ ಬಗ್ಗೆ ಒಂದಕ್ಷರ ಬರೆದರೂ ಕಚೇರಿಯಲ್ಲೇ ಹರಿದು ಹಾಕುತ್ತಾರೆ. ಮನೆವಾರ್ತೆ ಬರೆಯಬಹುದು, ಅದರಿಂದ ಲೋಕ ಬದಲಾಗುವುದಿಲ್ಲ ಎಂಬುದು ಅವರ ತಿಳಿವಳಿಕೆ. ಉತ್ತರ ಬರುವುದಿಲ್ಲ. ನಿಮಗೆ ಬರೆದದ್ದರಿಂದ ನಮ್ಮ ಮನೆಯಲ್ಲಿ ಆದದ್ದು ಆಗದೆ ಹೋಗುವುದೂ ಇಲ್ಲ ಎಂದು ಮೊದಲೇ ತಿಳಿಸಿದ್ದಾರೆ. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಹೋದ ತಿಂಗಳು ನಮ್ಮ ಒಲೆ ಮುಚ್ಚಿದರು. ಅದು ನಮ್ಮ ಅಂಕಣದಲ್ಲಿ ಉಳಿದಿದ್ದ ಒಂದೇ ಒಲೆ. ಅಂಕಣ ಎಂದರೆ ನಿಮ್ಮ ಒಂದು ಓಣಿಯನ್ನು ಎತ್ತಿ ನಿಲ್ಲಿಸಿದ ಹಾಗೆ, ಮಹಡಿಯ ಮೇಲೆ ಮಹಡಿ, ನಡುವೆ ಒಂದು ಉದ್ದನೆಯ ಪಡಸಾಲೆ. ಇಲ್ಲಿ ಯಾರ ಮನೆಯಲ್ಲೂ ಅಡುಗೆಮನೆ ಇಲ್ಲ. ಗೋಡೆಯಲ್ಲಿ ಬಿಸಿಗೂಡು ಎಂಬ ಒಂದು ಗೂಡು ಇರುತ್ತದೆ. ತಾಲ್ಲೂಕು ಪಾಕಶಾಲೆಯಲ್ಲಿ ಬೆಂದ ಊಟ ಕೊಳವೆಯಲ್ಲಿ ಬಂದು ಅಲ್ಲಿ ನಿಲ್ಲುತ್ತದೆ, ಮೇಲೆ ಸಣ್ಣ ದೀಪ ಹೊತ್ತಿಕೊಳ್ಳುತ್ತದೆ, ತೆಗೆದುಕೊಂಡು ಉಣ್ಣುತ್ತೇವೆ. ಊಟ ಕೆಟ್ಟದ್ದಲ್ಲ. ಉಪ್ಪು ಖಾರ ಅಳತೆಯಲ್ಲಿರುತ್ತದೆ. ಯಾರೂ ಹಸಿದು ಮಲಗುವುದಿಲ್ಲ, ಯಾರೂ ಹೊಗೆಯಲ್ಲಿ ಕಣ್ಣು ಕಳೆದುಕೊಳ್ಳುವುದಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಎತ್ತರದ ಮನೆಗಳಿಗೆ ಬೆಂಕಿ ಬಿದ್ದ ಕೆಟ್ಟ ವರ್ಷಗಳ ನಂತರ ಮನೆಯೊಳಗೆ ಕಿಚ್ಚು ಹೊತ್ತಿಸುವುದನ್ನು ನಿಲ್ಲಿಸಿದರು, ಅದಕ್ಕೆ ಕಾರಣ ಇತ್ತು.

ಆದರೂ ಕೆಲವು ಮನೆಗಳಿಗೆ ಕಿಚ್ಚಿನ ಪರವಾನಗಿ ಕೊಟ್ಟರು. ಮನೆತನದ ಒಂದು ಅಡುಗೆ ಉಳಿಸಿಕೊಂಡವರಿಗೆ ಒಂದು ಒಲೆ. ಮೊದಮೊದಲು ಸುಮ್ಮನೆ ಕೊಡುತ್ತಿದ್ದರಂತೆ. ಜನ ಒಲೆ ಇಟ್ಟುಕೊಂಡು ಗೂಡಿನ ಊಟವನ್ನೇ ಮತ್ತೆ ಬಿಸಿ ಮಾಡಿ ತಿನ್ನತೊಡಗಿದಾಗ ಕೈಪರೀಕ್ಷೆ ತಂದರು. ಪರವಾನಗಿ ಹೊಂದಿದವರಿಗೆ ವಯಸ್ಸಾದರೆ ಮನೆಯ ಹರೆಯದವರೊಬ್ಬರು ಪರೀಕ್ಷಕರ ಮುಂದೆ ಆ ಅಡುಗೆ ಮಾಡಬೇಕು. ಯಾರೂ ಹೇಳಿಕೊಡಬಾರದು. ಗೆದ್ದರೆ ಒಲೆ ಅವರ ಹೆಸರಿಗೆ ಬರುತ್ತದೆ. ಸೋತರೆ ಒಲೆ ಮುಚ್ಚುತ್ತಾರೆ, ಒಮ್ಮೆ ಮುಚ್ಚಿದ್ದನ್ನು ಮತ್ತೆ ತೆರೆಯುವುದಿಲ್ಲ. ನನ್ನಂಥ ನಡುವಯಸ್ಸಿನವರಿಗೆ ಪರೀಕ್ಷೆ ಕೊಡಲು ಅವಕಾಶವಿಲ್ಲ. ಕಿಚ್ಚು ಬಹುಕಾಲ ಉಳಿಸಿಕೊಳ್ಳುವವರಿಗೆ ಹೋಗಲಿ ಎಂಬುದು ನಿಯಮದ ಉದ್ದೇಶ.

ನಮ್ಮ ಮನೆತನದ ಅಡುಗೆ ಜೋಳದ ರೊಟ್ಟಿ. ಅದಕ್ಕೆ ಮೂಲ ನೀವು ಫೋನಿನಲ್ಲಿ ತೆಗೆದ ವಿಡಿಯೋ. ಅದರಲ್ಲಿ ನೀವು ಕಾಣುವುದಿಲ್ಲ, ನಿಮ್ಮ ದನಿ ಮಾತ್ರ ಇದೆ. ಕಾಣುವವರು ನಿಮ್ಮ ತಾಯಿ ದುಂಡವ್ವ. ಅಗಲವಾದ ಪರಾತದಲ್ಲಿ ಹಿಟ್ಟು, ನಡುವೆ ಗುಂಡಿ, ಅದಕ್ಕೆ ಉಗುರುಬೆಚ್ಚಗಿನ ನೀರು. ಅಂಗೈಯಿಂದ ತಿಕ್ಕಿ ನಾದುವುದು, ಉಂಡೆ ಮಾಡುವುದು, ಎರಡೂ ಕೈಯಿಂದ ಬಡಿಯುತ್ತ ಸುತ್ತಿಸುವುದು, ಎತ್ತಿ ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ಮೇಲೆ ನೀರು ಸವರುವುದು. ಏಳೆಂಟು ತಲೆಮಾರು ಅದನ್ನು ನೋಡಿದ್ದೇವೆ, ಅದರ ಮಾತು ನಮ್ಮ ಮಕ್ಕಳಿಗೂ ಬಾಯಿಪಾಠ. ನೀವು ಕೇಳುತ್ತೀರಿ, "ಅವ್ವಾ, ನೀರ ಎಷ್ಟ ಹಾಕಬೇಕು ಹೇಳಬೇ." ದುಂಡವ್ವ, "ಹಿಟ್ಟ ಕೇಳಿದಷ್ಟ" ಎನ್ನುತ್ತಾರೆ. "ಅಂದ್ರ ಎಷ್ಟವಾ? ನೋಡೋರಿಗೆ ತಿಳೀಬೇಕಲ್ಲ." "ತಿಳೀಲಿಲ್ಲಂದ್ರ ನಮ್ಮನಿಗೇ ಬರಲಿ, ಉಂಡು ಹೋಗಲಿ. ನೀ ಆ ಫೋನ ಅತ್ಲಾಗ ಹಿಡಿ. ಹಂಚಿನ ಮ್ಯಾಲ ಬಿತ್ತಂದ್ರ ಅದನ್ನೂ ಬೇಯಿಸಿಬಿಡತೀನಿ." ನಿಮ್ಮ ನಗು ಕೇಳಿಸುತ್ತದೆ, ಚಿತ್ರ ಅಲುಗಾಡುತ್ತದೆ. ನಂತರ ರೊಟ್ಟಿ ಉಬ್ಬುತ್ತದೆ. ಅಲ್ಲಿಗೆ ಮುಗಿಯುತ್ತದೆ.

ಇಷ್ಟು ದಿನ ಪರವಾನಗಿ ನನ್ನ ಅವ್ವ ಕಲ್ಲವ್ವನ ಹೆಸರಿನಲ್ಲಿತ್ತು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಅಂಕಣದವರೆಲ್ಲ ನಮ್ಮ ಬಾಗಿಲ ಮುಂದೆ ಸಾಲಾಗಿ ಕೂರುತ್ತಿದ್ದರು. ಸುಟ್ಟ ಜೋಳದ ವಾಸನೆ ಮೇಲಿನ ಮಹಡಿಗಳಿಗೂ ಹೋಗುತ್ತಿತ್ತು. ಒಬ್ಬೊಬ್ಬರಿಗೆ ಅರ್ಧರ್ಧ ರೊಟ್ಟಿ, ಪುಂಡಿಪಲ್ಯ, ಒಂದು ಹಿಡಿ ಶೇಂಗಾಪುಡಿ. ಅಷ್ಟಕ್ಕೇ ಜನ ವರ್ಷವೆಲ್ಲ ಕಾಯುತ್ತಿದ್ದರು. ಅವ್ವ ಮಾತ್ರ ಅದಕ್ಕೆ ಯಾವತ್ತೂ ಸರಕಾರದ ಸರಬರಾಜಿನ ಹಿಟ್ಟು ಮುಟ್ಟಲಿಲ್ಲ. ಕಾಳು ತರಿಸಿ, ಅಂದಂದಿನ ಹಿಟ್ಟನ್ನು ಅಂದಂದೇ ಬೀಸುಕಲ್ಲಿನಲ್ಲಿ ತಾನೇ ಬೀಸುತ್ತಿದ್ದಳು. ಅದು ಅವಳ ಹಟ ಎಂದು ನಾವು ತಿಳಿದಿದ್ದೆವು. ಕೇಳಿದರೆ, "ನಮ್ಮವ್ವ ಬೀಸತಿದ್ಲು, ನಾ ಬೀಸತೀನಿ" ಎಂದಷ್ಟೇ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಎತ್ತರಕ್ಕೂ ಏಳುವುದಿಲ್ಲ. ಕಣ್ಣೂ ಮಂಜು. ಆಗ ನನ್ನ ಮಗಳು ಗಂಗಾಂಬಿಕೆ, ನಾವು ಗಂಗಿ ಎನ್ನುವುದು, ಪರೀಕ್ಷೆ ತಾನು ಕೊಡುತ್ತೇನೆ ಎಂದಳು. ಅವಳಿಗೆ ಕಾಲುವೆ ಬಾಗಿಲು ಕಾಯುವ ಕೆಲಸ. ಸರದಿ ಮುಗಿಸಿ ಕೆಸರುಗಾಲಲ್ಲೇ ಬಂದು ಹಿಟ್ಟಿಗೆ ಕೂರುತ್ತಿದ್ದಳು. ಅವ್ವ ಮಗ್ಗುಲಲ್ಲಿ ಕೂತು ಎಡಗೈಯಿಂದ ಬೀಸುಕಲ್ಲಿಗೆ ಕಾಳು ಹಾಕುವುದು, ಗಂಗಿ ತಿರುಗಿಸುವುದು. ಮೊದಲ ರೊಟ್ಟಿಯನ್ನು ಅವ್ವ ಕೈಯಿಂದ ಸವರಿ ನೋಡಿ, "ಇದು ರೊಟ್ಟಿಯೇನು, ಯಾವರೆ ಊರಿನ ನಕಾಶೆಯೇನು?" ಎಂದಳು. ಗಂಗಿ, "ಯಾವೂರು ನೀನ ಹೇಳ ಆಯಿ" ಎಂದರೆ, "ನಿನ್ನ ಗಂಡನ ಊರಿರಬೇಕು. ಅಂವಾ ಇನ್ನೂ ಸಿಕ್ಕಿಲ್ಲಲ್ಲ, ಅದಕ್ಕ ಗುರ್ತ ಹತ್ತವಲ್ದು." ಹೀಗೆ ಬೈಸಿಕೊಳ್ಳುತ್ತಲೇ ಗಂಗಿಯ ಕೈ ಕೂತಿತು. ಚಳಿಗಾಲ ಬರುವಷ್ಟರಲ್ಲಿ ಅವಳ ರೊಟ್ಟಿ ದುಂಡಗೆ ಬರುತ್ತಿತ್ತು, ಉಬ್ಬುತ್ತಿತ್ತು. ಅವ್ವ ಹಂಚಿನ ಕಡೆ ಕಿವಿಕೊಟ್ಟು ಕೂತು, ಬಡಿಯುವ ಸಪ್ಪಳ ಸರಿಯಾಗಿದ್ದರೆ ಸುಮ್ಮನಿರುತ್ತಿದ್ದಳು. ಅವಳು ಸುಮ್ಮನಿದ್ದರೆ ಪಾಸಾದ ಹಾಗೆ.

ಪರೀಕ್ಷೆಯ ಹಿಂದಿನ ದಿನ ಗಂಗಿಯ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಪೂರಾ ವಾರ ಕಾಲುವೆ ಬಾಗಿಲು ಎತ್ತುವ ಗಾಲಿ ತಿರುಗಿಸಿ, ಮನೆಗೆ ಬಂದು ಬೀಸುಕಲ್ಲು ತಿರುಗಿಸಿದ್ದರಿಂದ ಆದದ್ದು. ಬಡಿಯಲು ಅಂಗೈ ಬೇಕು, ಬೀಸಿದರೆ ಬೊಬ್ಬೆ ಒಡೆಯುತ್ತದೆ. ಅವ್ವ ಆಗ ಭುಜಕ್ಕೆ ಕಾವು ಕೊಡಿಸಿಕೊಳ್ಳಲು ದವಾಖಾನೆಗೆ ಹೋಗಿದ್ದಳು. ಗಂಗಿ ಸರಬರಾಜಿನ ಉಗ್ರಾಣಕ್ಕೆ ಹೋಗಿ ಒಂದು ಚೀಲ ಜೋಳದ ಹಿಟ್ಟು ತಂದಳು. ಒಳ್ಳೆಯ ಹಿಟ್ಟು. ನಮ್ಮದಕ್ಕಿಂತ ನುಣ್ಣಗೆ, ನಮ್ಮದಕ್ಕಿಂತ ಬೆಳ್ಳಗೆ. ಹುಳ ಹಿಡಿಯದಂತೆ ವರ್ಷಗಟ್ಟಲೆ ಇಡುವ ಚೀಲ ಅದು. ಅದೂ ಜೋಳ, ಇದೂ ಜೋಳ. ನನಗಾಗಲಿ ಗಂಗಿಗಾಗಲಿ ಅನುಮಾನ ಬರಲಿಲ್ಲ, ಅವ್ವನಿಗೆ ಹೇಳಲೂ ಇಲ್ಲ. ದುಂಡವ್ವನ ವಿಡಿಯೋದಲ್ಲೂ ಹಿಟ್ಟು ಎಲ್ಲಿಂದ ಬಂತು ಎಂಬುದಿಲ್ಲ. ಚಿತ್ರ ಶುರುವಾಗುವಾಗಲೇ ಅದು ಪರಾತದಲ್ಲಿರುತ್ತದೆ.

ಪರೀಕ್ಷಕನಾಗಿ ಬಂದವನು ಮುರಿಗೆಪ್ಪ ಎಂಬ ಹುಡುಗ, ಗಂಗಿಯ ವಯಸ್ಸೇ ಇರಬೇಕು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅವ್ವನ ಕಾಲು ಮುಟ್ಟಿ ಒಳಗೆ ಬಂದ. ನಿಯಮ ಓದಿ ಹೇಳಿದ. ಅವ್ವ ಹೊರಸಿನ ಮೇಲೆ ಕೂತಿದ್ದಳು, ಪಡಸಾಲೆಯಲ್ಲಿ ಅಂಕಣದವರು ಇಣುಕುತ್ತಿದ್ದರು. ಗಂಗಿ ಒಲೆ ಹೊತ್ತಿಸಿದಳು, ಹಂಚಿಟ್ಟಳು, ಹಿಟ್ಟಿಗೆ ಉಗುರುಬೆಚ್ಚಗಿನ ನೀರು ಹಾಕಿ ನಾದಿದಳು. ಉಂಡೆ ಆಯಿತು. ಬಡಿಯಲು ಶುರು ಮಾಡಿದಾಗ ಅಂಚು ಸೀಳಿತು. ಒದ್ದೆ ಬೆರಳಿನಿಂದ ಮುಚ್ಚಿದಳು. ಮತ್ತೊಂದು ಕಡೆ ಸೀಳಿತು. ಕೈಮೇಲೆ ಎತ್ತುವಾಗ ನಡುವೆ ಹರಿದು ಎರಡು ತುಂಡಾಯಿತು.

ಅವ್ವ ಸಪ್ಪಳದಿಂದಲೇ ತಿಳಿದುಕೊಂಡಿದ್ದಳು. "ಗಂಗೀ, ಹಿಟ್ಟ ಯಾವುದವಾ?" ಎಂದಳು. ಮುರಿಗೆಪ್ಪ, "ಆಯಿ, ನೀವು ಮಾತಾಡಂಗಿಲ್ರಿ" ಎಂದ. "ನನ್ನ ಮನ್ಯಾಗ ನಾ ಮಾತಾಡಂಗಿಲ್ಲಾ? ನೀ ಯಾರ ಮಗನಪಾ?" ಪಡಸಾಲೆಯಲ್ಲಿದ್ದವರು ನಕ್ಕರು. ಅವನೂ ನಕ್ಕು, ಆಮೇಲೆ ಮೆಲ್ಲಗೆ, "ಇನ್ನೊಂದ ಮಾತ ಆಡಿದ್ರ ಹೇಳಿಕೊಟ್ಟಂಗ ಆಗತೈತ್ರಿ. ಪರೀಕ್ಷಾ ಇಲ್ಲಿಗೇ ನಿಲ್ಲಸಬೇಕಾಗತೈತಿ. ನನ್ನ ಕೈಯಾಗ ಏನೂ ಇಲ್ರಿ" ಎಂದ. ಅವ್ವ ಎಡಗೈಯಿಂದ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಆಮೇಲೆ ಕಡೆಯವರೆಗೂ ತೆಗೆಯಲಿಲ್ಲ.

ಗಂಗಿ ನೀರು ಹೆಚ್ಚು ಮಾಡಿದಳು, ಹಿಟ್ಟು ಕೆಸರಾಯಿತು. ಒಣಹಿಟ್ಟು ಬೆರೆಸಿದಳು, ಮತ್ತೆ ಬಿರಿಯಿತು. ಅವಳ ಬೊಬ್ಬೆ ಒಡೆದು ಹಿಟ್ಟಿಗೆ ನೀರು ಇಳಿಯುತ್ತಿತ್ತು. ಕಡೆಯದನ್ನು ಹೇಗೋ ಹಂಚಿನವರೆಗೆ ಒಯ್ದಳು, ಅಲ್ಲಿ ಬಿದ್ದು ಬತ್ತಿದ ಕೆರೆಯ ನೆಲದ ಹಾಗೆ ಬಿರುಕುಬಿಟ್ಟಿತು. ತುಂಡುಗಳನ್ನು ಜೋಡಿಸಿ ಬೇಯಿಸಿದಳು. ಉಬ್ಬಲಿಲ್ಲ. ಮುರಿಗೆಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಅಗಿದ. "ರುಚಿ ಛಲೋ ಐತ್ರಿ" ಎಂದ. ಬಾಯಿ ಒರೆಸಿಕೊಂಡು, "ಆದ್ರ ನಿಯಮದಾಗ ರುಚಿ ಇಲ್ರಿ" ಎಂದ.

ಅವತ್ತೇ ಪರವಾನಗಿ ಕಚೇರಿಯ ಆಳುಗಳು ಬಂದು ಒಲೆಯ ಬಾಯಿಗೆ ಬೂದುಬಣ್ಣದ ಗಾರೆ ತುಂಬಿ, ಮಟ್ಟ ಮಾಡಿ, ಮುದ್ರೆ ಒತ್ತಿದರು. ಹಂಚನ್ನು ನೆನಪಿಗೆ ಇಟ್ಟುಕೊಳ್ಳಬಹುದು ಎಂದರು. ಅವರು ಹೋದ ಮೇಲೆ ಅವ್ವ ಸೆರಗು ತೆಗೆದು, ಮೊದಲು ಆಡಿದ ಮಾತು ಇದು: "ಎಸರಿಟ್ಟು ನಾದಿದ್ರ ಆಗತಿತ್ತು."

"ಎಸರು ಅಂದ್ರೇನ ಆಯಿ?" ಎಂದು ಗಂಗಿ ಕೇಳಿದಳು. ನನಗೂ ಗೊತ್ತಿರಲಿಲ್ಲ.

"ಕುದಿಯೋ ನೀರವಾ. ಹೊಸಾ ಹಿಟ್ಟಿಗೆ ತಾನಾಗೇ ಜಿಗಿ ಇರತದ. ಹಳೇದಾದ್ರ ಹೋಗತದ. ಆವಾಗ ಮಳಮಳ ಕುದಿಯೋ ಎಸರು ಹಾಕಿ ಮುಚ್ಚಿಡಬೇಕು, ಆಮ್ಯಾಲ ನಾದಬೇಕು. ಮತ್ತ ಕೂಡತದ."

ಪರೀಕ್ಷೆಯ ಹೊತ್ತಿನಲ್ಲಿ ಒಲೆ ಎದುರಿಗೇ ಉರಿಯುತ್ತಿತ್ತು. ನೀರು ಮಗ್ಗುಲಲ್ಲೇ ಇತ್ತು. ಗಂಗಿ ಮುಚ್ಚಿದ ಒಲೆಯನ್ನೇ ನೋಡುತ್ತ, "ಮತ್ಯಾಕ ಒಂದ ದಿನಾನೂ ಹೇಳಲಿಲ್ಲ ನೀ?" ಎಂದಳು. ಸಿಟ್ಟಿನಿಂದ ಅಲ್ಲ, ದಣಿವಿನಿಂದ. ಅವ್ವ ಹೇಳಿದಳು, "ಅದನ್ನೂ ಹೇಳಬೇಕೇನ? ನನಗ್ಯಾರು ಹೇಳಿದ್ರು? ನಾ ಸಣ್ಣಾಕಿ ಇದ್ದಾಗ ಒಂದ ಸಲ ಬೀಸುಕಲ್ಲ ಒಡೀತು. ಹೊಸಾದ ಬರೂತನ ನಮ್ಮವ್ವ ಹಳೇ ಹಿಟ್ಟಿಗೆ ಎಸರು ಹಾಕ್ಯಾಳ, ಬೈಕೊಂತ ಬಡದಾಳ. ನಾ ಎದುರಿಗೆ ಕುಂತ ನೋಡೀನಿ. ನಿನ್ನ ಕಣ್ಣ ಮುಂದ ಹಿಟ್ಟ ಎಂದೂ ಕೆಡಲಿಲ್ಲ. ನಾ ಕೆಡಗೊಡಲಿಲ್ಲ."

ಮಹಾನಂದಾ ಆಯಿ, ನಾನು ಈ ಮಾತನ್ನು ಈ ತಿಂಗಳೆಲ್ಲ ಯೋಚಿಸಿದ್ದೇನೆ. ನಮಗೆ ಅಳತೆ ಗೊತ್ತಿತ್ತು, ಕೈ ತಿರುವು ಗೊತ್ತಿತ್ತು, ನಿಮ್ಮ ತಾಯಿಯ ಹಾಸ್ಯ ಕೂಡ ಗೊತ್ತಿತ್ತು. ಗೊತ್ತಿಲ್ಲದ್ದು ಕೆಟ್ಟ ದಿನದ ಕೆಲಸ. ಅವ್ವ ತನ್ನ ಮೊಮ್ಮಗಳಿಗೆ ಒಳ್ಳೆಯ ಹಿಟ್ಟನ್ನೇ ಕೊಟ್ಟಳು, ಪ್ರೀತಿಯಿಂದಲೇ ಕೊಟ್ಟಳು. ನೀವೂ ಉಬ್ಬಿದ ರೊಟ್ಟಿಯನ್ನೇ ಚಿತ್ರ ತೆಗೆದಿರಿ. ಯಾರು ತಾನೇ ಹರಿದದ್ದನ್ನು ತೆಗೆದಿಡುತ್ತಾರೆ? ಹಳೆಯ ಪತ್ರಿಕೆಗಳಲ್ಲಿ ಓದಿದ್ದೇನೆ, ನಿಮ್ಮ ಕಾಲದಲ್ಲಿ ಗಿರಣಿ ಓಣಿಯ ತುದಿಯಲ್ಲೇ ಇರುತ್ತಿತ್ತಂತೆ. ಡಬ್ಬಿ ಹೊತ್ತುಕೊಂಡು ಹೋಗಿ ಬಿಸಿ ಹಿಟ್ಟು ತರುತ್ತಿದ್ದರಂತೆ. ದಿನಾ ಹೋಗಿ ಬರುವ ಜಾಗದ ಬಗ್ಗೆ ಯಾರಾದರೂ ಹೇಳಬೇಕು ಎಂದು ನಿಮಗೆ ಹೇಗೆ ಹೊಳೆಯಬೇಕು. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಹೇಳಲಿಲ್ಲ, ಆದ್ದರಿಂದ ಅದೇ ಮೊದಲು ಹೋಯಿತು. ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಹೇಗೆ ಹೋಯಿತು ಎಂಬುದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮನೆಯ ಈಗಿನ ಸ್ಥಿತಿ ಹೀಗಿದೆ. ಗಂಗಿಯ ಅಂಗೈ ಮಾಗಿದೆ, ಕಾಲುವೆಗೆ ಹೋಗಿ ಬರುತ್ತಾಳೆ. ಬೀಸುಕಲ್ಲನ್ನು ಬಾಗಿಲ ಹಿಂದೆ ನಿಲ್ಲಿಸಿದ್ದೇವೆ. ಅಂಕಣದವರು ಬಂದು ಸಾವಿನ ಮನೆಗೆ ಬಂದವರ ಹಾಗೆ ಸ್ವಲ್ಪ ಹೊತ್ತು ಕೂತು ಹೋದರು. ಮೂರನೆಯ ಅಂಕಣದಲ್ಲಿ ಒಂದು ಮನೆಗೆ ಇನ್ನೂ ಒಲೆ ಇದೆ, ಅವರ ಸೊಸೆಗೆ ಮುಂದಿನ ವರ್ಷ ರೊಟ್ಟಿಯದೇ ಪರೀಕ್ಷೆ. ಗಂಗಿ ಅಲ್ಲಿಗೆ ಹೋಗಿ ಎಸರಿನ ಮಾತು ಹೇಳಿ ಬರುತ್ತೇನೆ ಎಂದಿದ್ದಾಳೆ, ಇನ್ನೂ ಹೋಗಿಲ್ಲ. ನಾನು ಒತ್ತಾಯ ಮಾಡಿಲ್ಲ. ಅವ್ವ ಗೂಡಿನ ಊಟ ಉಣ್ಣುತ್ತಾಳೆ. ಉಪ್ಪು ಕಡಿಮೆ ಎನ್ನುವುದಿಲ್ಲ, ಸಪ್ಪಗಿದೆ ಎನ್ನುವುದಿಲ್ಲ. ಹಾಕಿದ್ದನ್ನು ಉಂಡು ತಟ್ಟೆ ಸರಿಸುತ್ತಾಳೆ. ಎಪ್ಪತ್ತೆಂಟು ವರ್ಷ ಯಾರ ಅಡುಗೆಯಲ್ಲೂ ಕೊಂಕು ತೆಗೆಯದೆ ಬಿಡದಿದ್ದವಳು. ಒಲೆ ಮುಚ್ಚಿದ್ದನ್ನು ನಾನು ತಡೆದುಕೊಂಡೆ, ಇದನ್ನು ನೋಡಲು ಆಗುತ್ತಿಲ್ಲ.

ನಿಮ್ಮಲ್ಲಿ ಒಂದೇ ಕೇಳಿಕೆ. ಮನೆಯಲ್ಲಿ ಹಿಟ್ಟು ಹಳೆಯದಾದ ದಿನ ಬರುತ್ತದೆ. ಕರೆಂಟು ಹೋಗಿ ಗಿರಣಿ ನಿಂತಿರುತ್ತದೆ, ಅಥವಾ ಊರಿಗೆ ಹೋಗಿ ಬಂದಿರುತ್ತೀರಿ, ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ. ಅಂದು ಖಾನಾವಳಿಯಿಂದ ರೊಟ್ಟಿ ತರಿಸಿ ಮುಗಿಸಬೇಡಿ. ಮಕ್ಕಳನ್ನು ಕರೆಯಿರಿ, ಮಗನನ್ನೂ ಮಗಳನ್ನೂ. ಅವರ ಕೈಯನ್ನೇ ಆ ಹಿಟ್ಟಿಗೆ ಹಚ್ಚಿ. ಅದು ಬಿರಿಯುವುದನ್ನು ಬೆರಳಿನಿಂದ ತಿಳಿಯಲಿ, ಅಳಲಿ, ಜಗಳವಾಡಲಿ. ಆಮೇಲೆ ಎಸರಿಡಿ. ಹರಿದದ್ದನ್ನೂ ಎಸೆಯಬೇಡಿ, ಎಲ್ಲರೂ ಕೂತು ತಿನ್ನಿ. ವಿಡಿಯೋ ತೆಗೆಯದಿದ್ದರೂ ನಡೆಯುತ್ತದೆ.

ದುಂಡವ್ವ ಇನ್ನೂ ಇದ್ದಾರೆಂದುಕೊಂಡು ಅವರಿಗೆ ನನ್ನ ಶರಣು ತಿಳಿಸಿ. ಹೊಸ ಹಿಟ್ಟೆಂದರೆ ಎಷ್ಟು ದಿನದ್ದು, ಹಳೆಯದೆಂದು ಯಾವಾಗ ತಿಳಿಯುತ್ತದೆ ಎಂದು ಅವರನ್ನು ಒಮ್ಮೆ ಕೇಳಿ. ಬೈಯುತ್ತಾರೆ, ಬೈಸಿಕೊಳ್ಳಿ.

ಗೂಡಿನ ದೀಪ ಹೊತ್ತಿದೆ. ಊಟ ತೆಗೆದುಕೊಂಡು ಅವ್ವನ ಮುಂದೆ ಇಡಬೇಕು. ಅವಳು ಏನಾದರೂ ಅಂದಾಳೇನೋ ಎಂದು ಇವತ್ತೂ ಎದುರಿಗೆ ಕೂತು ನೋಡುತ್ತೇನೆ.

ನಿಮ್ಮ
ನಿಂಬೆವ್ವ